ಸೂಜಿ ಚಿಕಿತ್ಸೆ: ಯಾವುದರ ಜೊತೆ ಹೋಲಿಸಿದರು ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುರವಣಿಯಲ್ಲಿ ಇತ್ತೀಚೆಗೆ ಬಂದ ಆಕ್ಯುಪಂಕ್ಚರ್ ಲೇಖನ ಓದಿ ಈ ಪತ್ರ ಬರೆಯುತ್ತಿದ್ದೇನೆ. ಮುಖದ ಲಕ್ವ, ಸಕ್ಕರೆ ಕಾಯಿಲೆಯವರ ಕಾಲು ಜೋಮು, ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ನೋವು), ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಬೆರಳು ಮರಗಟ್ಟುವುದು, ಈ ಎಲ್ಲಕ್ಕೂ ಸೂಜಿ ಚಿಕಿತ್ಸೆ ಫಲ ಕೊಡುತ್ತದೆ, ಇದು ‘ಸಂಶೋಧನೆಗಳಿಂದ ಸಾಬೀತಾಗಿದೆ’ ಎಂದು ಅದರಲ್ಲಿತ್ತು. ಮುಖದ ಲಕ್ವಕ್ಕಂತೂ ‘ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಯಶಸ್ಸು’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಯಾವ ಸಂಶೋಧನೆ, ಎಷ್ಟು ಜನರ ಮೇಲೆ, ಯಾವುದರ ಜೊತೆ ಹೋಲಿಸಿ, ಇದ್ಯಾವುದೂ ಇಲ್ಲ.

ನಾನು ಒಂದು ಮೆಡಿಕಲ್ ಕಾಲೇಜಿನಲ್ಲಿ ಬಯೋಸ್ಟಾಟಿಸ್ಟಿಕ್ಸ್ (ವೈದ್ಯಕೀಯ ಅಂಕಿಅಂಶ ಶಾಸ್ತ್ರ) ಪಾಠ ಹೇಳಿ ನಿವೃತ್ತಳಾದವಳು. ಡಾಕ್ಟರ್ ಅಲ್ಲ. ಪಿಜಿ ಹುಡುಗರ ಥೀಸಿಸ್ ಲೆಕ್ಕ ನೋಡುವುದು, ತಿದ್ದುವುದು, ಬೈಯುವುದು ನನ್ನ ಕೆಲಸವಾಗಿತ್ತು. ನನಗೂ ಸಕ್ಕರೆ ಕಾಯಿಲೆ ಇದೆ. ರಾತ್ರಿ ಹೊತ್ತು ಪಾದ ಉರಿಯುತ್ತದೆ. ಹಾಗಾಗಿ ಈ ವಿಷಯ ನನಗೆ ಬರೀ ಓದಿನದಲ್ಲ. ಸೂಜಿ ಚಿಕಿತ್ಸೆಯ ಮೇಲೆ ದ್ವೇಷವೂ ಇಲ್ಲ, ಭಕ್ತಿಯೂ ಇಲ್ಲ. ನನ್ನ ತಕರಾರು ಇರುವುದು ‘ಸಾಬೀತು’ ಅಂತ ಸಲೀಸಾಗಿ ಬರೆದುಬಿಡುವುದರ ಮೇಲೆ.

ಮುಖದ ಲಕ್ವದಿಂದಲೇ ಶುರು ಮಾಡುತ್ತೇನೆ. ಅದು ನಮ್ಮ ಮನೆಯಲ್ಲೇ ಆಗಿದೆ. ನನ್ನ ತಮ್ಮ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನೇ ಸೋರಿತು. ‘ಅಕ್ಕಾ, ಬಾಯಿ ಯಾಕೋ ಒಂದ್ ಕಡೆ ಎಳೀತೈತಿ, ಬಂದು ನೋಡು’ ಅಂತ ಫೋನ್ ಮಾಡಿದ. ಹೋಗಿ ನೋಡಿದರೆ ಬಲಗಣ್ಣು ಪೂರ್ತಿ ಮುಚ್ಚುತ್ತಿಲ್ಲ. ಹುಬ್ಬು ಮೇಲೆತ್ತು ಅಂದರೆ ಎಡಹುಬ್ಬು ಮಾತ್ರ ಏರುತ್ತಿದೆ, ಬಲಗಡೆ ಹಣೆಯಲ್ಲಿ ಗೆರೆಯೇ ಬೀಳುತ್ತಿಲ್ಲ. ಕೈಕಾಲಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ‘ಬೆಲ್ಸ್ ಪಾಲ್ಸಿ’ ಅಂದರು. ಮುಖದ ನರ ಊದಿಕೊಂಡು, ಕಿವಿಯ ಹತ್ತಿರದ ಎಲುಬಿನೊಳಗಿನ ಕಿರಿದಾದ ಹಾದಿಯಲ್ಲಿ ಒತ್ತಿಕೊಳ್ಳುತ್ತದಂತೆ. ಸ್ಟೀರಾಯ್ಡ್ ಮಾತ್ರೆ ಬರೆದರು. ಕಣ್ಣಿಗೆ ಡ್ರಾಪ್ಸ್. ಮಲಗುವಾಗ ರೆಪ್ಪೆ ಮುಚ್ಚಿ ಮೇಲೆ ಟೇಪ್ ಅಂಟಿಸಬೇಕು, ಇಲ್ಲದಿದ್ದರೆ ಕಣ್ಣು ಒಣಗಿ ಹುಣ್ಣಾಗುತ್ತೆ ಅಂದರು.

ಅಷ್ಟರಲ್ಲಿ ಪಕ್ಕದ ಮನೆಯವರು ಒಂದು ಸೂಜಿ ಕೇಂದ್ರದ ಹೆಸರು ಹೇಳಿದರು. ಅಲ್ಲಿ ‘ಸ್ಟೀರಾಯ್ಡ್ ಬಿಟ್ಟುಬಿಡಿ, ಶುಗರ್ ಏರುತ್ತೆ, ನಮ್ಮ ಸೂಜಿ ಸಾಕು’ ಅಂದರು. ತಮ್ಮ ಮಾತ್ರೆ ಬಿಡಲಿಲ್ಲ, ಸೂಜಿಗೂ ಹೋದ. ಎರಡೂ ನಡೆದವು. ಮುಖ ಸರಿಹೋಯಿತು. ಕೊನೆಯ ಸಲ ಅವನ ಜೊತೆ ನಾನೂ ಹೋಗಿದ್ದೆ. ಕೇಂದ್ರದವರು ಉದ್ದನೆಯ ರಿಜಿಸ್ಟರ್ ತೆಗೆದು ಅವನ ಹೆಸರಿನ ಮುಂದೆ ಹಸಿರು ಇಂಕಿನಲ್ಲಿ ‘ಗುಣಮುಖ’ ಅಂತ ಬರೆದುಕೊಂಡರು. ಪುಟದ ತುಂಬ ಹಸಿರು. ಯಾರ್ಯಾರು ಯಾವ ದಿನ ಬಂದರು, ಬರುವ ಮೊದಲೇ ಮುಖ ಸುಧಾರಿಸಿತ್ತಾ, ಮಾತ್ರೆ ತಗೊಂಡಿದ್ದರಾ, ಅರ್ಧಕ್ಕೆ ಬಿಟ್ಟು ಹೋದವರು ಏನಾದರು, ಇದಕ್ಕೆಲ್ಲ ಆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ನಿಮ್ಮ ಲೇಖನದ ‘ತೊಂಬತ್ತಕ್ಕೂ ಹೆಚ್ಚು’ ಇಂಥದ್ದೇ ಯಾವುದೋ ರಿಜಿಸ್ಟರಿನಿಂದ ಬಂದಿರಬೇಕು ಅಂತ ನನ್ನ ಅನುಮಾನ.

ಯಾಕೆ ಅಂದರೆ ಈ ಕಾಯಿಲೆಯ ಸ್ವಭಾವವೇ ಹಾಗೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೈಟರ್ಸನ್ ಎನ್ನುವ ವೈದ್ಯರು 25 ವರ್ಷಗಳ ಕಾಲ ಮುಖದ ಲಕ್ವದ ರೋಗಿಗಳನ್ನು ಔಷಧ ಕೊಡದೆ ಗಮನಿಸುತ್ತಾ ಹೋದರು. 2002ರಲ್ಲಿ ಲೆಕ್ಕ ಪ್ರಕಟವಾಯಿತು. ಬೆಲ್ಸ್ ಪಾಲ್ಸಿಯವರು 1,701 ಮಂದಿ. ಅವರಲ್ಲಿ ಶೇ 71 ಮಂದಿಗೆ ಮುಖ ಮೊದಲಿನಂತೆಯೇ ಆಯಿತು. ಶೇ 85 ಮಂದಿಗೆ ಮೂರು ವಾರದೊಳಗೆ ಸುಧಾರಣೆ ಶುರುವಾಗಿತ್ತು. ಮಾತ್ರೆ ಇಲ್ಲ, ಸೂಜಿ ಇಲ್ಲ, ಏನೂ ಇಲ್ಲ. ಈಗ ಎರಡನೇ ವಾರದಲ್ಲಿ ಸೂಜಿ ಶುರು ಮಾಡಿದವರನ್ನು ನೆನೆಸಿಕೊಳ್ಳಿ. ಸುಧಾರಣೆಗೆ ಸೂಜಿಯೇ ಕಾರಣ ಅಂತ ಅವರು ಪ್ರಮಾಣ ಮಾಡಿ ಹೇಳುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಹಾಗೆ.

ಹಾಗಾದರೆ ಔಷಧಕ್ಕೂ ಇದೇ ಅನುಮಾನ ಬರಬೇಕಲ್ವಾ? ಬರಲೇಬೇಕು. ಸ್ಕಾಟ್ಲೆಂಡಿನಲ್ಲಿ ಅದಕ್ಕೇ ಒಂದು ದೊಡ್ಡ ಅಧ್ಯಯನ ಮಾಡಿದರು. ಲಕ್ವ ಆಗಿ 72 ಗಂಟೆಯೊಳಗೆ ಬಂದವರನ್ನು ಮಾತ್ರ ಸೇರಿಸಿಕೊಂಡರು. ಯಾರಿಗೆ ನಿಜವಾದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಯಾರಿಗೆ ಅದೇ ಥರ ಕಾಣುವ ಹುಸಿ ಮಾತ್ರೆ ಎನ್ನುವುದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 2007ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಿಗೆ ಪೂರ್ತಿ ಗುಣವಾದವರು ಪ್ರೆಡ್ನಿಸೊಲೋನ್ ತಗೊಂಡವರಲ್ಲಿ ಶೇ 83, ತಗೊಳ್ಳದವರಲ್ಲಿ ಶೇ 63.6. ಒಂಬತ್ತು ತಿಂಗಳಿಗೆ ಶೇ 94.4 ಮತ್ತು ಶೇ 81.6. ಜೊತೆಗೆ ಪರೀಕ್ಷಿಸಿದ ಇನ್ನೊಂದು ಔಷಧ ಅಸೈಕ್ಲೊವಿರ್‌ನಿಂದ ಏನೂ ಪ್ರಯೋಜನ ಕಾಣಲಿಲ್ಲ. ಅದನ್ನೂ ಮುಚ್ಚಿಡದೆ ಬರೆದರು.

ಈ ಅಂಕಿಗಳನ್ನು ನಿಮ್ಮ ‘ತೊಂಬತ್ತ’ರ ಪಕ್ಕ ಇಟ್ಟು ನೋಡಿ. ಸ್ಟೀರಾಯ್ಡ್ ಇಲ್ಲದೆಯೇ ಒಂಬತ್ತು ತಿಂಗಳಿಗೆ ನೂರಕ್ಕೆ ಎಂಬತ್ತೊಂದು ಜನ ಪೂರ್ತಿ ಸರಿಯಾಗಿದ್ದಾರೆ. ಹೋಲಿಸುವ ಗುಂಪು ಇಲ್ಲದೆ ‘ತೊಂಬತ್ತು’ ಅನ್ನುವುದು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಅದಕ್ಕೆ ಅರ್ಥವೇ ಇಲ್ಲ.

ಮುಖದ ಲಕ್ವಕ್ಕೆ ಸೂಜಿಯ ಅಧ್ಯಯನ ಯಾರೂ ಮಾಡಿಲ್ಲ ಅಂತಲ್ಲ. ಮಾಡಿದ್ದಾರೆ. ಕಾಕ್ರೇನ್ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ. ಒಂದು ಚಿಕಿತ್ಸೆ ಬಗ್ಗೆ ಸಿಗುವ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ, ಜೊಳ್ಳು ಎಷ್ಟು ಕಾಳೆಷ್ಟು ಅಂತ ನೋಡುವುದು ಅವರ ಕೆಲಸ. 2010ರಲ್ಲಿ ಅವರಿಗೆ ಸಿಕ್ಕಿದ್ದು 6 ಅಧ್ಯಯನ, ಒಟ್ಟು 537 ಜನ. ಗುಣಮಟ್ಟ ಸಾಲದು, ಇದರ ಮೇಲೆ ಹೌದು ಅಂತಲೂ ಇಲ್ಲ ಅಂತಲೂ ಹೇಳಲಾಗದು ಅಂತ ಬರೆದರು.

2013ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಚೀನಾದ ಒಂದು ಅಧ್ಯಯನ ಬಂತು. ಸೂಜಿ ಕೇಂದ್ರಗಳ ಕರಪತ್ರಗಳಲ್ಲಿ ಇದರ ಹೆಸರು ಕಂಡಿದ್ದೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. 338 ರೋಗಿಗಳು. ಎಲ್ಲರಿಗೂ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಎಲ್ಲರಿಗೂ ಸೂಜಿಯನ್ನೂ ಚುಚ್ಚಿದರು. ವ್ಯತ್ಯಾಸ ಇಷ್ಟೇ: ಒಂದು ಗುಂಪಿಗೆ ಸೂಜಿಯನ್ನು ತಿರುವಿ, ಎಳೆದು, ಒಳಗೆ ಜುಮ್ಮೆನ್ನುವವರೆಗೆ ಆಡಿಸಿದರು. ಚೀನೀಯರು ಅದಕ್ಕೆ ‘ದೆ ಚಿ’ ಅನ್ನುತ್ತಾರೆ. ಇನ್ನೊಂದು ಗುಂಪಿಗೆ ಸುಮ್ನೆ ಚುಚ್ಚಿ ಬಿಟ್ಟರು. ಆರು ತಿಂಗಳ ಮೇಲೆ ಆಡಿಸಿದವರ ಮುಖವೇ ಜಾಸ್ತಿ ಸುಧಾರಿಸಿತ್ತು. ಅಧ್ಯಯನ ಅಚ್ಚುಕಟ್ಟಾಗಿದೆ, ಅದನ್ನು ನಾನು ತೆಗಳುವುದಿಲ್ಲ. ಆದರೆ ಅದು ಕೇಳಿದ ಪ್ರಶ್ನೆ ಬೇರೆ. ಸೂಜಿ ಜೋರಾಗಿ ಆಡಿಸಬೇಕೋ ಮೆಲ್ಲಗೆ ಚುಚ್ಚಿದರೆ ಸಾಕೋ ಅನ್ನುವುದು ಅದರ ಪ್ರಶ್ನೆ. ಸೂಜಿಯೇ ಇಲ್ಲದ ಗುಂಪು ಅದರಲ್ಲಿ ಇರಲಿಲ್ಲ. ಸ್ಟೀರಾಯ್ಡ್ ಬಿಟ್ಟ ಗುಂಪೂ ಇರಲಿಲ್ಲ. ‘ಸ್ಟೀರಾಯ್ಡ್ ಬಿಡಿ, ಸೂಜಿ ಸಾಕು’ ಅನ್ನುವವರು ಇದನ್ನು ಸಾಕ್ಷಿಗೆ ಕರೆದರೆ ಸಾಕ್ಷಿಯೇ ಅವರ ವಿರುದ್ಧ ನಿಲ್ಲುತ್ತದೆ.

ಇನ್ನು ಅಂಕಿ ಹೇಗೆ ಉಬ್ಬುತ್ತದೆ ಅನ್ನುವುದು. ಇದು ನನ್ನ ಕಸುಬಿನ ವಿಷಯ, ಹಾಗಾಗಿ ಕ್ಷಮಿಸಿ, ಸ್ವಲ್ಪ ಪಾಠ ಆಗುತ್ತದೆ. ಚೀನಾದಿಂದ ಬಂದ ಬಹಳಷ್ಟು ಸೂಜಿ ಅಧ್ಯಯನಗಳಲ್ಲಿ ರೋಗಿಗಳನ್ನು ಕೊನೆಗೆ ನಾಲ್ಕು ಕಾಲಂಗೆ ಹಂಚುತ್ತಾರೆ. ಪೂರ್ತಿ ಗುಣ, ತುಂಬಾ ಸುಧಾರಣೆ, ಸ್ವಲ್ಪ ಸುಧಾರಣೆ, ಫಲವಿಲ್ಲ. ಆಮೇಲೆ ಮೊದಲ ಮೂರನ್ನೂ ಕೂಡಿ ‘ಒಟ್ಟು ಫಲ’ ಅಂತ ಒಂದೇ ಅಂಕಿ ಕೊಡುತ್ತಾರೆ. ನಾನೇ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಇದು ಯಾವ ಅಧ್ಯಯನದ್ದೂ ಅಲ್ಲ. ಸೂಜಿ ಗುಂಪಿನಲ್ಲಿ 40 ಜನ: 8 ಪೂರ್ತಿ ಗುಣ, 11 ತುಂಬಾ ಸುಧಾರಣೆ, 18 ಸ್ವಲ್ಪ ಸುಧಾರಣೆ, 3 ಫಲವಿಲ್ಲ. ಮಾತ್ರೆ ಗುಂಪಿನಲ್ಲೂ 40 ಜನ: 8, 10, 11, 11. ಈಗ ಕೂಡಿ. ಸೂಜಿಗೆ ಶೇ 92.5, ಮಾತ್ರೆಗೆ ಶೇ 72.5. ಪಿ ವ್ಯಾಲ್ಯೂ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಕೂಡ ರೂಢಿಯ ಗಡಿಯಾದ 0.05ಕ್ಕಿಂತ ಕೆಳಗೆ ಸಲೀಸಾಗಿ ಇಳಿಯುತ್ತದೆ. ತಲೆಬರಹ ಸಿದ್ಧ.

ಆದರೆ ಪೂರ್ತಿ ಗುಣವಾದವರು ಎರಡೂ ಕಡೆ 8 ಜನರೇ ಅಲ್ಲವೇ? ಒಟ್ಟು ವ್ಯತ್ಯಾಸ 8 ಜನರದ್ದು. ಅದರಲ್ಲಿ 7 ಬಂದಿರುವುದು ‘ಸ್ವಲ್ಪ ಸುಧಾರಣೆ’ ಕಾಲಂನಿಂದ. ಆ ಕಾಲಂ ತುಂಬುವುದು ಡಾಕ್ಟರ ಪೆನ್ನು. ‘ಏನಮ್ಮ, ಸ್ವಲ್ಪ ಪರವಾಗಿಲ್ವಾ?’ ಅಂದರೆ ನಮ್ಮ ಜನ ‘ಇಲ್ಲ’ ಅನ್ನುತ್ತಾರಾ? ಕೇಳುವ ಡಾಕ್ಟರಿಗೂ ಯಾರಿಗೆ ಸೂಜಿ ಚುಚ್ಚಿದ್ದು ಅಂತ ಗೊತ್ತಿದ್ದರೆ ಕೇಳುವ ಧಾಟಿಯೇ ಬೇರೆಯಾಗುತ್ತದೆ. ಮೋಸ ಅಂತ ಹೇಳುತ್ತಿಲ್ಲ. ಮನುಷ್ಯರು ಇರುವುದೇ ಹೀಗೆ. ಅದಕ್ಕೇ ಅಳೆಯುವವರಿಗೆ ಗುಂಪು ಯಾವುದು ಅಂತ ಗೊತ್ತಿರಬಾರದು ಅನ್ನುವ ನಿಯಮ ಇರುವುದು.

ಸಕ್ಕರೆ ಕಾಯಿಲೆಯ ಕಾಲು ಜೋಮಿಗೆ ಬರುತ್ತೇನೆ. ನನ್ನ ಪಾದವನ್ನು ಪ್ರತಿ ಸಲ ಡಾಕ್ಟರ್ ಒಂದು ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತಾರೆ. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಕಣ್ಣು ಮುಚ್ಚಿಕೊಂಡು ಎಲ್ಲಿ ಮುಟ್ಟಿದರು ಅಂತ ಹೇಳಬೇಕು. ಆಮೇಲೆ ಟ್ಯೂನಿಂಗ್ ಫೋರ್ಕ್ ಬಡಿದು ಹೆಬ್ಬೆರಳ ಮೇಲೆ ಇಡುತ್ತಾರೆ. ಇವು ನನಗೆ ಅರ್ಥವಾಗುವ ಅಳತೆ. ಪಾದದಲ್ಲಿ ಮುಳ್ಳು ಹೊಕ್ಕರೆ ನನಗೆ ಗೊತ್ತಾಗುತ್ತಾ, ರಾತ್ರಿ ಉರಿ ಇಲ್ಲದೆ ನಿದ್ದೆ ಬರುತ್ತಾ, ನನಗೆ ಬೇಕಾಗಿರುವುದು ಅಷ್ಟೇ.

ಇದರ ಬಗ್ಗೆ 2013ರಲ್ಲಿ ಬಂದ ಒಂದು ವಿಮರ್ಶೆಯಲ್ಲಿ 25 ಅಧ್ಯಯನ, 1,649 ರೋಗಿಗಳ ಲೆಕ್ಕ ಇತ್ತು. ನೋಡಲು ದೊಡ್ಡ ಸಂಖ್ಯೆ. ವಿಮರ್ಶೆ ಮಾಡಿದವರು 25ರಲ್ಲಿ 25ನ್ನೂ ‘ಪಕ್ಷಪಾತದ ಅಪಾಯ ಹೆಚ್ಚು’ ಅನ್ನುವ ಸಾಲಿಗೆ ಸೇರಿಸಿದರು. ಇಂಥ ಅಧ್ಯಯನಗಳಲ್ಲಿ ಸೂಜಿಯನ್ನು ಹೆಚ್ಚಾಗಿ ಹೋಲಿಸುವುದು ಬಿ12 ಜಾತಿಯ ಮಾತ್ರೆ, ಇಂಜೆಕ್ಷನ್ ಜೊತೆ. ನಮ್ಮಲ್ಲೂ ಕಾಲು ಜೋಮು ಅಂದರೆ ಮೊದಲು ಬರೆದುಕೊಡುವುದು ಅದನ್ನೇ. ಬಿ12 ಕೊರತೆ ಇಲ್ಲದವರ ಕಾಲು ಉರಿಗೆ ಆ ಮಾತ್ರೆಯ ಬಲವೇ ಗಟ್ಟಿಯಾಗಿ ಸಾಬೀತಾಗಿಲ್ಲ. ಅಂಥದ್ದನ್ನು ಸೋಲಿಸಿ ಗೆದ್ದೆ ಅಂದರೆ ಏನು ಗೆದ್ದಂತೆ?

ಕಾಕ್ರೇನ್‌ನವರು 2017ರಲ್ಲಿ ನರದ ನೋವಿನ ಬಗ್ಗೆ ಇನ್ನೂ ಬಿಗಿಯಾದ ಜರಡಿ ಹಿಡಿದರು. ಉಳಿದದ್ದು 6 ಅಧ್ಯಯನ, 462 ಜನ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಒಂದು ಗುಂಪಿಗೆ 50 ಜನ ಇರಲಿಲ್ಲ. ಸೂಜಿಯ ಪರವಾಗಿಯೋ ವಿರುದ್ಧವಾಗಿಯೋ ಹೇಳಲು ಸಾಕ್ಷ್ಯ ಸಾಲದು ಅಂತ ಬರೆದರು. ಇದನ್ನು ‘ಸೂಜಿ ಕೆಲಸ ಮಾಡಲ್ಲ ಅಂತ ಸಾಬೀತಾಯ್ತು’ ಅಂತ ಓದುವವರೂ ಇದ್ದಾರೆ. ಅದೂ ತಪ್ಪು ಓದೇ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅಂತಷ್ಟೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಅಧ್ಯಯನಗಳು ‘ನರದ ವೇಗ ಹೆಚ್ಚಾಯಿತು’ ಅಂತ ಬಹಳ ಹೆಮ್ಮೆಯಿಂದ ಹೇಳುತ್ತವೆ. ಕಾಲಿಗೆ ಸಣ್ಣ ಕರೆಂಟ್ ಕೊಟ್ಟು ನರದಲ್ಲಿ ಅದು ಎಷ್ಟು ಬೇಗ ಓಡುತ್ತದೆ ಅಂತ ನೋಡುವ ಪರೀಕ್ಷೆ ಅದು, ನಾನೂ ಮಾಡಿಸಿಕೊಂಡಿದ್ದೇನೆ. ಪರೀಕ್ಷೆ ಮಾಡುವ ಹುಡುಗಿ ಮೊದಲು ನನ್ನ ಪಾದ ಮುಟ್ಟಿ, ‘ಆಂಟಿ, ಕಾಲು ತಣ್ಣಗಿದೆ, ಸ್ವಲ್ಪ ಬೆಚ್ಚಗಾಗಲಿ’ ಅಂತ ಟವೆಲ್ ಸುತ್ತಿ ಕೂರಿಸಿದಳು. ಸುಮ್ನೆ ಅಲ್ಲ. ಚರ್ಮದ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನರದ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 2 ಮೀಟರ್ ಏರುತ್ತದೆ. ಸೂಜಿಯ ಜೊತೆಗೆ ಮೂಲಿಕೆ ಸುಟ್ಟು ಕಾಲು ಕಾಯಿಸುವ ಪದ್ಧತಿಯೂ ಚೀನಾದಲ್ಲಿದೆ. ಅಳೆಯುವಾಗ ಎರಡೂ ಗುಂಪಿನವರ ಪಾದ ಒಂದೇ ಬಿಸಿಯಲ್ಲಿತ್ತಾ? ಅದನ್ನು ಬರೆಯದ ಅಧ್ಯಯನದ ‘ವೇಗ’ವನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಹುಸಿ ಮಾತ್ರೆ ಮಾಡುವುದು ಸುಲಭ. ಹುಸಿ ಸೂಜಿ ಕಷ್ಟ. ಚುಚ್ಚಿದ್ದು ರೋಗಿಗೆ ಗೊತ್ತಾಗುತ್ತದೆ. 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಎನ್ನುವವರು ಒಂದು ಉಪಾಯ ತಂದರು. ಮೊಂಡು ತುದಿಯ ಸೂಜಿ. ಒತ್ತಿದರೆ ಚರ್ಮಕ್ಕೆ ತಾಗಿ ಸಣ್ಣದಾಗಿ ಚುರ್ ಅನ್ನುತ್ತದೆ, ಆದರೆ ಒಳಗೆ ಹೋಗುವುದಿಲ್ಲ. ಸೂಜಿಯೇ ತನ್ನ ಹಿಡಿಕೆಯೊಳಗೆ ಸರಿದು ಗಿಡ್ಡ ಆಗುತ್ತದೆ. ನೋಡಿದವರಿಗೆ ಒಳಗೆ ಹೋದಂತೆಯೇ ಕಾಣುತ್ತದೆ. ಬೀಳದಂತೆ ಒಂದು ಪ್ಲಾಸ್ಟಿಕ್ ಉಂಗುರ ಹಿಡಿದುಕೊಳ್ಳುತ್ತದೆ. ರೋಗಿಯ ಕಣ್ಣಿಗೆ ಬಟ್ಟೆ ಕಟ್ಟದೆಯೇ ಕೆಲಸ ಆಯಿತು. ಚುಚ್ಚುವವರ ಕೈಗೆ ಮಾತ್ರ ಗೊತ್ತಾಗಿಯೇ ಆಗುತ್ತದೆ. ಈ ಕೊರತೆಗೆ ಇವತ್ತಿಗೂ ಮದ್ದಿಲ್ಲ.

ಹುಸಿ ಸೂಜಿ ಇಟ್ಟರೆ ಏನಾಗುತ್ತದೆ? ನರದ ಕಾಯಿಲೆ ಅಲ್ಲದಿದ್ದರೂ ಜರ್ಮನಿಯ ಬೆನ್ನುನೋವಿನ ಅಧ್ಯಯನ ನೋಡಿ, 2007ರದ್ದು. 1,162 ಜನ. ಆರು ತಿಂಗಳಿಗೆ ಸುಧಾರಿಸಿದವರು ನಿಜವಾದ ಸೂಜಿಯಲ್ಲಿ ಶೇ 47.6, ಎಲ್ಲೋ ಮೇಲುಮೇಲೆ ಚುಚ್ಚಿದ ಹುಸಿ ಸೂಜಿಯಲ್ಲಿ ಶೇ 44.2, ಮಾಮೂಲಿ ಔಷಧ, ವ್ಯಾಯಾಮದವರಲ್ಲಿ ಶೇ 27.4. ಈ ಒಂದೇ ಅಧ್ಯಯನವನ್ನು ಎರಡು ಥರ ವರದಿ ಮಾಡಬಹುದು. ‘ಔಷಧಕ್ಕಿಂತ ಸೂಜಿ ಎಷ್ಟೋ ಮೇಲು’ ಅಂತ ಒಂದು ಪತ್ರಿಕೆ, ‘ನಿಜ ಸೂಜಿಗೂ ಹುಸಿ ಸೂಜಿಗೂ ವ್ಯತ್ಯಾಸ ಇಲ್ಲ’ ಅಂತ ಇನ್ನೊಂದು. ಎರಡೂ ಸುಳ್ಳಲ್ಲ. ಮೂರೂ ಅಂಕಿ ಕೊಟ್ಟರೆ ಓದುಗರು ತಾವೇ ನೋಡಿಕೊಳ್ಳುತ್ತಾರೆ. ಒಂದನ್ನು ಬಚ್ಚಿಟ್ಟರೆ ಆಗ ಅದು ಸುಳ್ಳಾಗುತ್ತದೆ.

ಚೀನಾದ ಅಧ್ಯಯನ ಅಂದ ತಕ್ಷಣ ಮೂಗು ಮುರಿಯುವವಳು ನಾನಲ್ಲ. ಆದರೆ ಒಂದಷ್ಟು ಸಂಗತಿ ಮರೆಮಾಚುವಂತಿಲ್ಲ. 1998ರಲ್ಲಿ ವಿಕರ್ಸ್ ಎನ್ನುವ ಸಂಶೋಧಕ ಮತ್ತು ಜೊತೆಗಾರರು ದೇಶವಾರು ಲೆಕ್ಕ ಹಾಕಿದರು. ಚೀನಾದಿಂದ ಬಂದ ಆಕ್ಯುಪಂಕ್ಚರ್ ಅಧ್ಯಯನಗಳೆಲ್ಲ ‘ಫಲ ಉಂಟು’ ಅಂದಿದ್ದವು. ಒಂದೂ ಸೋತಿಲ್ಲ. ಹತ್ತಾರು ಪಂದ್ಯ ಆಡಿ ಒಂದನ್ನೂ ಸೋಲದ ತಂಡ ಎಲ್ಲಾದರೂ ಇದೆಯಾ? ಸೋತವು ಅಚ್ಚಾಗಲಿಲ್ಲ ಅಂತಲೇ ಅರ್ಥ. 2009ರಲ್ಲಿ ಇನ್ನೊಂದು ತಂಡ, ಅದರಲ್ಲಿ ಚೀನೀ ಸಂಶೋಧಕರೇ ಇದ್ದರು, ‘ಚೀಟಿ ಎತ್ತಿ ಗುಂಪು ಮಾಡಿದ್ದೇವೆ’ ಎಂದು ಹೇಳಿಕೊಂಡ ಅಧ್ಯಯನಗಳ ಲೇಖಕರಿಗೆ ನೇರ ಫೋನ್ ಹಚ್ಚಿತು. ಹೇಗೆ ಎತ್ತಿದಿರಿ, ಹೇಳಿ ನೋಡೋಣ ಅಂತ. 2,235 ಅಧ್ಯಯನಗಳ ಲೇಖಕರು ಸಿಕ್ಕರು. ಸರಿಯಾಗಿ ಮಾಡಿದ್ದು 207. ಅದರಲ್ಲಿ ಚೀನೀ ವೈದ್ಯ ಮಾತ್ರ ಅಲ್ಲ, ಆಧುನಿಕ ವೈದ್ಯದ ಅಧ್ಯಯನಗಳೂ ಇದ್ದವು ಅನ್ನುವುದನ್ನು ಮರೆಯಬೇಡಿ. ತಮ್ಮ ಮನೆಯ ಕಸವನ್ನು ತಾವೇ ಎತ್ತಿ ತೋರಿಸಿದ ಆ ಸಂಶೋಧಕರ ಬಗ್ಗೆ ನನಗೆ ಗೌರವ ಇದೆ.

ನಮ್ಮಲ್ಲಿ ಯಾರು ಹಾಗೆ ಫೋನ್ ಹಚ್ಚಿದ್ದಾರೆ? ನಾನು ಕೆಲಸದಲ್ಲಿದ್ದಾಗ ಎಷ್ಟೋ ಪಿಜಿಗಳು ಥೀಸಿಸ್ ಸಲ್ಲಿಸುವ ಹಿಂದಿನ ವಾರ ಪೆನ್ ಡ್ರೈವ್ ಹಿಡಿದು ಬರುತ್ತಿದ್ದರು. ‘ಮೇಡಂ, ಡೇಟಾ ಎಲ್ಲ ಆಗಿದೆ, ಪಿ ವ್ಯಾಲ್ಯೂ ಒಂದು ಹಾಕಿಕೊಡಿ.’ ಗುಂಪು ಹೇಗೆ ಮಾಡಿದೆಯಪ್ಪ ಅಂದರೆ ‘ಸೋಮವಾರ, ಬುಧವಾರ ಬಂದವರು ಎ, ಮಂಗಳವಾರ, ಗುರುವಾರ ಬಂದವರು ಬಿ’. ಥೀಸಿಸ್‌ನಲ್ಲಿ ಮಾತ್ರ ‘ರ‍್ಯಾಂಡಮೈಸ್ಡ್’ (ಚೀಟಿ ಎತ್ತಿ ಗುಂಪು ಮಾಡಿದ್ದು) ಅಂತ ಇರುತ್ತಿತ್ತು. ಯಾವ ದಿನ ಯಾವ ಗುಂಪು ಅಂತ ಗೊತ್ತಿದ್ದರೆ ಯಾವ ರೋಗಿಯನ್ನು ಯಾವ ಗುಂಪಿಗೆ ತಳ್ಳಬಹುದು ಅಂತಲೂ ಗೊತ್ತಿರುತ್ತದೆ. ‘ಅಜ್ಜಿ, ನಾಳೆ ಬನ್ನಿ’ ಅಂದರೆ ಮುಗಿಯಿತು. ಅದೆಲ್ಲ ಅಲೋಪತಿ ಥೀಸಿಸ್‌ಗಳೇ. ಹಾಗಾಗಿ ಸೂಜಿಯವರಿಗೆ ಮಾತ್ರ ಕಲ್ಲು ಹೊಡೆಯುವ ಪೈಕಿ ನಾನಲ್ಲ.

ಒಳ್ಳೆಯ ಅಧ್ಯಯನ ಇಲ್ಲವೇ ಇಲ್ಲವಾ ಅಂದರೆ ಇದೆ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲದಿರುವುದು ತಮಾಷೆ. 2024ರ ಅಕ್ಟೋಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಒಳರೋಗಗಳ ಪತ್ರಿಕೆಯಲ್ಲಿ ಸಯಾಟಿಕಾ ಮೇಲೆ ಒಂದು ವರದಿ ಬಂತು. ಇದೂ ಚೀನಾದ್ದೇ. ಆರು ಆಸ್ಪತ್ರೆ, 220 ರೋಗಿಗಳು. ಬೆನ್ನುಮೂಳೆಯ ಡಿಸ್ಕ್ ಹೊರಗೆ ಚಾಚಿ, ಕಾಲಿಗಿಳಿಯುವ ನರ ಒತ್ತಿ, ತಿಂಗಳುಗಟ್ಟಲೆ ನೋವಿದ್ದವರು. ಅರ್ಧ ಜನರಿಗೆ ನಿಜ ಸೂಜಿ, ಅರ್ಧ ಜನರಿಗೆ ಹುಸಿ ಸೂಜಿ, ನಾಲ್ಕು ವಾರದಲ್ಲಿ 10 ಸಲ. ಕಾಲುನೋವನ್ನು 100 ಮಿಲಿಮೀಟರ್ ಗೆರೆಯ ಮೇಲೆ ರೋಗಿಯೇ ಗುರುತು ಹಾಕಬೇಕು. ನಿಜ ಸೂಜಿಯವರಲ್ಲಿ ನೋವು ಸರಾಸರಿ 30.8 ಮಿ.ಮೀ. ಇಳಿಯಿತು, ಹುಸಿಯವರಲ್ಲಿ 14.9. ಓಡಾಟದ ತೊಂದರೆಯೂ ಅದೇ ದಿಕ್ಕಿನಲ್ಲಿ ಇಳಿಯಿತು. ಒಂದು ವರ್ಷದವರೆಗೆ ಬೆನ್ನು ಹತ್ತಿ ನೋಡಿದರು. ವ್ಯತ್ಯಾಸ ಉಳಿದಿತ್ತು.

ಇಲ್ಲಿ ನಾಲ್ಕು ಕಾಲಂ ಕೂಡಿಸುವ ಆಟ ಇಲ್ಲ. ನಿಜ ಸೂಜಿಯವರಿಗೆ ಆದ ಇಳಿಕೆಯ ಹೆಚ್ಚುಕಡಿಮೆ ಅರ್ಧದಷ್ಟು ಹುಸಿ ಗುಂಪಿನವರಿಗೂ ಆದದ್ದನ್ನು ಮುಚ್ಚಿಟ್ಟಿಲ್ಲ. ಚುಚ್ಚಿದವರಿಗೆ ಗುಂಪು ಗೊತ್ತಿತ್ತು ಅನ್ನುವ ಕೊರತೆ ಇದ್ದೇ ಇದೆ. ಬೇರೆ ದೇಶದಲ್ಲೊಮ್ಮೆ, ಬೇರೆ ಕೈಗಳಲ್ಲೊಮ್ಮೆ ಇದೇ ಫಲಿತಾಂಶ ಬಂದರೆ ನಾನು ಪೂರ್ತಿ ಒಪ್ಪುತ್ತೇನೆ. ನನ್ನ ಪರಿಚಯದವರು ಯಾರಾದರೂ ಸಯಾಟಿಕಾಗೆ ಸೂಜಿ ಹಾಕಿಸಿಕೊಳ್ಳಲಾ ಅಂತ ಕೇಳಿದರೆ, ಮೊದಲು ಮೂಳೆ ಡಾಕ್ಟರಿಗೋ ನರದ ಡಾಕ್ಟರಿಗೋ ತೋರಿಸಿ, ಆಮೇಲೆ ಬೇಕಾದರೆ ಹೋಗಿ ಅನ್ನುತ್ತೇನೆ. ಕಾಲು ಜೋಮಿಗೆ ಹಾಗೆ ಹೇಳಲಾರೆ. ಸ್ಪರ್ಶವೇ ಸತ್ತ ಪಾದಕ್ಕೆ ಸೂಜಿ ಚುಚ್ಚಿ ಅಲ್ಲೊಂದು ಗಾಯ ಕೀವಾದರೆ ಅದೂ ನನಗೆ ಗೊತ್ತಾಗುವುದಿಲ್ಲ. ಇಂಥ ತೊಂದರೆ ಯಾರಿಗಾದರೂ ಆಯಿತಾ ಅಂತ ಬಹಳಷ್ಟು ಹಳೆಯ ಅಧ್ಯಯನಗಳು ಒಂದು ಸಾಲೂ ಬರೆದಿಲ್ಲ.

ಮಣಿಕಟ್ಟಿನ ನರದ ವಿಷಯ ಬೇಗ ಮುಗಿಸುತ್ತೇನೆ. 2018ರ ಕಾಕ್ರೇನ್ ವಿಮರ್ಶೆಯಲ್ಲಿ 12 ಅಧ್ಯಯನ, 869 ಜನ. ಹುಸಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಅಲ್ಪಾವಧಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರಬಹುದು ಅಂದರು.

ಸೂಜಿ ಕೇಂದ್ರಗಳ ಗೋಡೆಯ ಮೇಲೆ ಇನ್ನೊಂದು ಬೋರ್ಡ್ ಇರುತ್ತದೆ: ‘ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಕಾಯಿಲೆಗಳು’. ಅದು 2003ರಲ್ಲಿ ಬಂದ ಒಂದು ವರದಿಯ ಪಟ್ಟಿ. ಅದಕ್ಕೆ ಆಧಾರವಾದ ಅಧ್ಯಯನಗಳು 1990ರ ದಶಕ ಮುಗಿಯುವುದರೊಳಗಿನವು. ಆ ವರದಿಯಲ್ಲೂ ಸಯಾಟಿಕಾ ಇದ್ದದ್ದು ‘ಫಲ ಸಾಬೀತಾಗಿದೆ’ ಅನ್ನುವ ಮೊದಲ ಪಟ್ಟಿಯಲ್ಲಿ. ಬೆಲ್ಸ್ ಪಾಲ್ಸಿ ಇದ್ದದ್ದು ‘ಇನ್ನೂ ಪುರಾವೆ ಬೇಕು’ ಅನ್ನುವ ಎರಡನೇ ಪಟ್ಟಿಯಲ್ಲಿ. ಬೋರ್ಡ್ ಬರೆಯುವವರು ಎರಡನ್ನೂ ಸೇರಿಸಿ ಒಂದೇ ಮಾಡಿದ್ದಾರೆ. ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿತು ಅಂತಲೂ ನಿಮ್ಮ ಲೇಖನ ಹೇಳಿದೆ. ಮಾನ್ಯತೆ ಸಿಕ್ಕಿದ್ದು ನಿಜ. ಅದರಿಂದ ಯಾವ ಕಾಯಿಲೆ ಗುಣವಾಗುತ್ತದೆ ಅನ್ನುವುದು ತೀರ್ಮಾನ ಆಗುವುದಿಲ್ಲ.

ನಿಮ್ಮ ವರದಿಗಾರರಿಗೆ ಒಂದು ಸಲಹೆ. ನಮ್ಮ ದೇಶದಲ್ಲಿ ವೈದ್ಯಕೀಯ ಪ್ರಯೋಗಗಳ ನೋಂದಣಿಗೆ 2007ರಿಂದ ಸಿಟಿಆರ್‌ಐ ಅಂತ ಒಂದು ಕಡತ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುತ್ತದೆ, ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ನೋಡಬಹುದು. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಾಯಿಸಬೇಕು. ಎಷ್ಟು ಜನ, ಏನನ್ನು ಅಳೆಯುತ್ತೇವೆ, ಯಾವಾಗ ಅಳೆಯುತ್ತೇವೆ ಅಂತ ಮೊದಲೇ ಬರೆದುಕೊಡಬೇಕು. ಆಮೇಲೆ ಅನುಕೂಲಕ್ಕೆ ತಕ್ಕಂತೆ ಗುರಿ ಬದಲಿಸಿದರೆ ಸಿಕ್ಕಿಬೀಳುತ್ತಾರೆ. ‘ನಮ್ಮ ಸಂಶೋಧನೆ’ ಅಂತ ಯಾರಾದರೂ ಬಂದರೆ ಮೊದಲು ನೋಂದಣಿ ನಂಬರ್ ಕೇಳಿ. ಅದು ಸಿಕ್ಕ ಮೇಲೆ, ಯಾವುದರ ಜೊತೆ ಹೋಲಿಸಿದಿರಿ, ಗುಂಪು ಯಾರು ಹಂಚಿದರು, ಅಳೆದವರಿಗೆ ಗುಂಪು ಗೊತ್ತಿತ್ತಾ, ನಡುವೆ ಬಿಟ್ಟು ಹೋದವರು ಎಷ್ಟು ಅಂತ ಕೇಳಿ. ಉತ್ತರಗಳನ್ನು ಲೇಖನದಲ್ಲೇ ಎರಡು ಸಾಲಿನಲ್ಲಿ ಹಾಕಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಅಂತಲೂ ಹಾಕಿ. ಇದು ಸೂಜಿಗೆ ಮಾತ್ರ ಅಲ್ಲ, ದೊಡ್ಡ ಆಸ್ಪತ್ರೆಗಳು ಕಳಿಸುವ ಪ್ರೆಸ್ ನೋಟ್‌ಗೂ ಅನ್ವಯಿಸಲಿ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಇಲ್ಲದಿದ್ದರೆ ಮೇಲಿನದ್ದೆಲ್ಲ ಕತ್ತರಿಸಿ. ಆದರೆ ಒಂದನ್ನು ಮಾತ್ರ ಮುಂದಿನ ಪುರವಣಿಯಲ್ಲೇ, ಆ ತೊಂಬತ್ತರಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ: ಬಾಯಿ ಸೊಟ್ಟಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಣೆಯಲ್ಲಿ ಎರಡೂ ಕಡೆ ಗೆರೆ ಬೀಳುತ್ತಿದ್ದು ಬಾಯಿ ಮಾತ್ರ ವಾಲಿದ್ದರೆ, ಇಲ್ಲವೇ ಕೈಕಾಲು ಸೋತಿದ್ದರೆ, ಮಾತು ತಡವರಿಸಿದರೆ ಅದು ಮೆದುಳಿನ ಸ್ಟ್ರೋಕ್ ಇರಬಹುದು, ಒಂದೊಂದು ನಿಮಿಷವೂ ಮುಖ್ಯ. ಬೆಲ್ಸ್ ಪಾಲ್ಸಿಯೇ ಆಗಿದ್ದರೂ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಹೇಳಿ, ಅವರು ಶುಗರ್ ನೋಡಿಕೊಳ್ಳುತ್ತಾ ಕೊಡುತ್ತಾರೆ. ಸೂಜಿ ಬೇಕಿದ್ದರೆ ಆಮೇಲೆ ಹಾಕಿಸಿಕೊಳ್ಳಲಿ.

ಇಂತಿ,
ನಿವೃತ್ತ ಬಯೋಸ್ಟಾಟಿಸ್ಟಿಕ್ಸ್ ಉಪನ್ಯಾಸಕಿ,
ದಾವಣಗೆರೆ